ಬಡ್ಡಿ ಸಮೇತ ಹೊಳ್ಳಿ ಬರುವ ಹಸಿವು

ಅಕ್ಕನ ಮನೆಯ ಫ್ರಿಜ್ಜಿನ ಬಾಗಿಲಲ್ಲಿ ಒಂದು ಸಣ್ಣ ರಟ್ಟಿನ ಡಬ್ಬಿ ಇದೆ. ಮೊದಲು ಅದರಲ್ಲಿ ಭಾವನ ತೂಕ ಇಳಿಸುವ ಇಂಜೆಕ್ಷನ್ ಇರುತ್ತಿತ್ತು. ಈಗ ನಾಲ್ಕು ನಿಂಬೆಹಣ್ಣು ಇವೆ.

ರಾಯಚೂರಿನ ಬೇಸಿಗೆ ನಿಮಗೆ ಗೊತ್ತಲ್ಲ. ಮೇ ತಿಂಗಳಲ್ಲಿ 40 ಡಿಗ್ರಿ ದಾಟಿತು ಅಂದರೆ ಇಲ್ಲಿ ಅದು ಸುದ್ದಿಯೇ ಅಲ್ಲ. ಆ ಔಷಧಿಯನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ಕರೆಂಟ್ ಹೋದಾಗಲೆಲ್ಲ ಅಕ್ಕ "ಯಾರೂ ಫ್ರಿಜ್ ತೆಗೀಬ್ಯಾಡ್ರಿ" ಎಂದು ಕೂಗುತ್ತಿದ್ದಳು. ಪಕ್ಕದ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ರಾಜ್ಯಕ್ಕೆಲ್ಲ ಕರೆಂಟ್ ತಯಾರಿಸುವ ಊರಲ್ಲೇ ಕರೆಂಟ್ ಹೋಗುತ್ತದೆ, ಇರಲಿ, ಅದು ಬೇರೆ ಕತೆ.

ಭಾವನಿಗೆ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ರೈತರ ಮಾಲನ್ನು ಕಮಿಷನ್ ಮೇಲೆ ಮಾರಿಸುವ ಅಡತಿ ಅಂಗಡಿ ಇದೆ. ತೂಕ 102 ಕೆಜಿ ಇತ್ತು. ಎಂಟು ತಿಂಗಳು ವಾರಕ್ಕೊಂದು ಸೂಜಿ ಚುಚ್ಚಿಕೊಂಡರು, 86ಕ್ಕೆ ಇಳಿದರು. ತಿಂಗಳಿಗೆ ಹದಿನಾಲ್ಕರಿಂದ ಹದಿನೇಳು ಸಾವಿರ ರೂಪಾಯಿ ಖರ್ಚು. "ಆರು ತಿಂಗಳ ಕೋರ್ಸ್" ಎಂದು ಬರೆದುಕೊಟ್ಟವರು ಹೇಳಿದ್ದರಂತೆ. ಇವರು ಇನ್ನೆರಡು ತಿಂಗಳು ಜಾಸ್ತಿಯೇ ತಗೊಂಡು, ಕೋರ್ಸ್ ಮುಗಿಯಿತು ಎಂದು ಬಿಟ್ಟರು. ಐದು ತಿಂಗಳಲ್ಲಿ 93 ಆಯಿತು.

"ಹಸಿವು ಹೊಳ್ಳಿ ಬಂತು ನೋಡಪಾ, ಬಡ್ಡಿ ಸಮೇತ" ಎಂದರು ಭಾವ. ವ್ಯಾಪಾರಸ್ಥರ ಮಾತು. ನಾನು ನಕ್ಕೆ. ಆಮೇಲೆ ಈ ವಿಷಯ ಓದಲು ಕೂತಾಗ ನಗು ನಿಂತಿತು. ಬಡ್ಡಿ ಅನ್ನೋದು ನಿಜ. ಎಷ್ಟು ಅಂತ ಲೆಕ್ಕವೂ ಇದೆ.

ಮೊದಲು ಈ ಸೂಜಿ ಮಾಡುವ ಕೆಲಸ ಏನು ಅಂತ ನೋಡೋಣ. ನಾವು ಉಂಡಾಗ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನನ್ನು ಬಿಡುತ್ತದೆ. "ಸಾಕು, ಹೊಟ್ಟೆಗೆ ಬಿತ್ತು" ಎಂದು ಮೆದುಳಿಗೆ ಸುದ್ದಿ ಮುಟ್ಟಿಸುವವರಲ್ಲಿ ಇದೂ ಒಂದು. ಹೊಟ್ಟೆಯಲ್ಲಿರುವ ಊಟ ಬೇಗ ಕೆಳಗಿಳಿಯದಂತೆ ತಡೆಯುತ್ತದೆ. ಇನ್ಸುಲಿನ್ ಬಿಡುವಂತೆ ಮೇದೋಜೀರಕ ಗ್ರಂಥಿಗೂ ಹೇಳುತ್ತದೆ. ಆದರೆ ಅದರ ಆಯುಷ್ಯ ಕೆಲವೇ ನಿಮಿಷ. ಸೆಮಾಗ್ಲುಟೈಡ್ ಇದೇ ಹಾರ್ಮೋನಿನ ನಕಲು. ಒಜೆಂಪಿಕ್, ವೆಗೋವಿ ಎಂಬ ಹೆಸರಲ್ಲಿ ಬರುವುದು ಅದೇ. ಮೌಂಜಾರೊ ಹೆಸರಲ್ಲಿ ಬರುವ ಟಿರ್ಜೆಪಟೈಡ್, ಜಿಎಲ್‌ಪಿ-1 ಜೊತೆಗೆ ಜಿಐಪಿ ಎಂಬ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಇವು ನಿಮಿಷಗಳಲ್ಲಿ ಕರಗುವುದಿಲ್ಲ, ದಿನಗಟ್ಟಲೆ ರಕ್ತದಲ್ಲಿ ಇರುತ್ತವೆ. ಅದಕ್ಕೇ ವಾರಕ್ಕೊಂದು ಸೂಜಿ ಸಾಕಾಗುತ್ತದೆ.

ತಗೊಂಡವರನ್ನು ಕೇಳಿದರೆ ಹೊಟ್ಟೆಗಿಂತ ತಲೆಯ ಬಗ್ಗೆಯೇ ಜಾಸ್ತಿ ಹೇಳುತ್ತಾರೆ. ತಲೆಯೊಳಗೆ ಸದಾ ನಡೆಯುವ ತಿಂಡಿಯ ಗಲಾಟೆ ನಿಂತುಬಿಡುತ್ತದಂತೆ. ಗಂಜಿನ ಪಕ್ಕದ ಹೋಟೆಲಿನಲ್ಲಿ ಬೆಳಿಗ್ಗೆ ಒಗ್ಗರಣಿ ಮಿರ್ಚಿ ತಿನ್ನುವುದು ಭಾವನ ಇಪ್ಪತ್ತು ವರ್ಷದ ರೂಢಿ. ಒಂದು ಪ್ಲೇಟ್ ಮುಗಿಯುವ ಹೊತ್ತಿಗೆ ಇನ್ನೆರಡು ಬಿಸಿ ಮಿರ್ಚಿ ಹೇಳುವ ಮನುಷ್ಯ. ಸೂಜಿಯ ದಿನಗಳಲ್ಲಿ ಅರ್ಧ ಪ್ಲೇಟ್ ಚುರುಮುರಿ ಹಾಗೇ ಉಳಿಯುತ್ತಿತ್ತು. ಕಚ್ಚಿದ ಮಿರ್ಚಿಯನ್ನು ತಟ್ಟೆಯ ಅಂಚಿಗೆ ಸರಿಸಿ ಪೇಪರ್ ಓದುತ್ತಿದ್ದರು. ಅವರು ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೂ ಅಲ್ಲ. ಬೇಕು ಅನ್ನಿಸುತ್ತಿರಲಿಲ್ಲ, ಅಷ್ಟೇ.

ಬಿಟ್ಟ ಮೇಲೆ ಮೂರು ವಾರ ಏನೂ ಆಗಲಿಲ್ಲ. "ನೋಡು, ಸೂಜಿ ಇಲ್ಲದಿದ್ರೂ ನಡೀತೈತಿ" ಎಂದು ಖುಷಿಯಾಗಿದ್ದರು. ಇಲ್ಲೇ ತುಂಬ ಜನ ಮೋಸ ಹೋಗುವುದು. ಟಿರ್ಜೆಪಟೈಡ್ ಮೈಯಲ್ಲಿ ಅರ್ಧಕ್ಕೆ ಇಳಿಯಲು ಸುಮಾರು 5 ದಿನ ಬೇಕು, ಸೆಮಾಗ್ಲುಟೈಡಿಗೆ ಸುಮಾರು 7 ದಿನ. ಅರ್ಧ, ಕಾಲು, ಅರೆಕಾಲು ಎಂದು ಇಳಿಯುತ್ತಾ ಪೂರ್ತಿ ಹೋಗಲು ನಾಲ್ಕೈದು ವಾರ ಹಿಡಿಯುತ್ತದೆ. ಅಂದರೆ ಬಿಟ್ಟ ಮೊದಲ ತಿಂಗಳು ನೀವು ಹಳೆಯ ಸೂಜಿಯ ಮೇಲೇ ಓಡುತ್ತಿರುತ್ತೀರಿ. ನಿಜವಾದ ಪರೀಕ್ಷೆ ಎರಡನೇ ತಿಂಗಳಿಂದ ಶುರು.

ಈಗ ಬಡ್ಡಿಯ ಲೆಕ್ಕಕ್ಕೆ ಬರೋಣ. ನನಗೆ ಇಡೀ ವಿಷಯದಲ್ಲಿ ಕಣ್ಣು ತೆರೆಸಿದ್ದು ಇದೇ.

ಸಕ್ಕರೆ ಕಾಯಿಲೆಗೆ ಕೆನಾಗ್ಲಿಫ್ಲೋಜಿನ್ ಎಂಬ ಮಾತ್ರೆ ಇದೆ. ಅದು ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುತ್ತದೆ. ತಗೊಂಡವರಿಗೆ ದಿನಾ ಒಂದಿಷ್ಟು ಕ್ಯಾಲೊರಿ ಸೋರಿಹೋಗುವುದು ಗೊತ್ತೇ ಆಗುವುದಿಲ್ಲ. ಸೋರಿಕೆ ದಿನಾ ಒಂದೇ ಸಮ ಇರುತ್ತದೆ. ಹಾಗಾದರೆ ತೂಕ ಇಳಿಯುತ್ತಲೇ ಹೋಗಬೇಕು, ಅಲ್ವಾ? ಹೋಗುವುದಿಲ್ಲ. ಸ್ವಲ್ಪ ಇಳಿದು ನಿಂತುಬಿಡುತ್ತದೆ. ಕೆವಿನ್ ಹಾಲ್ ಎಂಬ ಅಮೆರಿಕದ ವಿಜ್ಞಾನಿ ಮತ್ತು ಜೊತೆಗಾರರು ಈ ಗುಟ್ಟನ್ನು 2016ರಲ್ಲಿ ಲೆಕ್ಕ ಹಾಕಿ ತೋರಿಸಿದರು. ತೂಕ ಇಳಿದಂತೆ ಆ ಜನ ತಮಗೇ ಗೊತ್ತಿಲ್ಲದೆ ಹೆಚ್ಚು ತಿನ್ನತೊಡಗಿದ್ದರು. ಎಷ್ಟು ಹೆಚ್ಚು? ಇಳಿದ ಪ್ರತಿ ಒಂದು ಕೆಜಿಗೆ ದಿನಕ್ಕೆ ಸುಮಾರು 100 ಕ್ಯಾಲೊರಿಯಷ್ಟು. ಅದೇ ಒಂದು ಕೆಜಿಗೆ ಮೈ ಖರ್ಚು ಮಾಡುವ ಶಕ್ತಿ 20ರಿಂದ 30 ಕ್ಯಾಲೊರಿ ಕಡಿಮೆಯಾಗುತ್ತದೆ.

ಇದನ್ನು ನಮ್ಮ ಊರಿನ ಲೆಕ್ಕಕ್ಕೆ ತರೋಣ. 50 ಗ್ರಾಂ ಜೋಳದ ಹಿಟ್ಟಿನ ಒಂದು ರೊಟ್ಟಿ ಅಂದರೆ ಸುಮಾರು 165 ಕ್ಯಾಲೊರಿ. 10 ಕೆಜಿ ಇಳಿಸಿದವರ ಹಸಿವು ದಿನಕ್ಕೆ 1000 ಕ್ಯಾಲೊರಿ ಹೆಚ್ಚು ಕೇಳುತ್ತದೆ. ಅಂದರೆ ಆರು ರೊಟ್ಟಿ. ಮೊದಲು ತಿನ್ನುತ್ತಿದ್ದುದರ ಮೇಲೆ ಆರು ರೊಟ್ಟಿ! ಮೈಗೆ ಬೇಕಾಗಿರುವುದು ನೋಡಿದರೆ ಮೊದಲಿಗಿಂತ ಒಂದೂವರೆ ರೊಟ್ಟಿ ಕಡಿಮೆ. 16 ಕೆಜಿ ಇಳಿಸಿದ ಭಾವನ ಗತಿ ನೀವೇ ಲೆಕ್ಕ ಹಾಕಿ. ಸೂಜಿ ಇರುವವರೆಗೆ ಈ ಕೂಗು ಕೇಳುವುದಿಲ್ಲ. ಸೂಜಿಯ ಬಲ ಪೂರ್ತಿ ಇಳಿದ ಮೇಲೆ ಅಷ್ಟೂ ಸಾಲಗಾರರು ಒಟ್ಟಿಗೆ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಮೈ ಹೀಗೇಕೆ ಮಾಡುತ್ತದೆ? ಕೊಬ್ಬು ಕರಗಿದರೆ ಮೈಗೆ ಅದು ಬರಗಾಲದ ಸೂಚನೆ. ಕೊಬ್ಬಿನಿಂದ ಬರುವ ಲೆಪ್ಟಿನ್ ಹಾರ್ಮೋನ್ ಕಡಿಮೆಯಾಗುತ್ತದೆ, ಹಸಿವು ಕೆರಳಿಸುವ ಗ್ರೆಲಿನ್ ಜಾಸ್ತಿಯಾಗುತ್ತದೆ. ಒಂದೆರಡು ವಾರದಲ್ಲಿ ಸರಿಹೋಗುತ್ತದೆ ಅಂದುಕೊಂಡರೆ ಅದೂ ಇಲ್ಲ. ಆಸ್ಟ್ರೇಲಿಯಾದಲ್ಲಿ 50 ಜನರ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅವರು ತೂಕ ಇಳಿಸಿದ್ದು ಬರೀ ಪಥ್ಯದಿಂದ, ಸೂಜಿ ಇರಲಿಲ್ಲ. ಒಂದು ವರ್ಷ ಕಳೆದರೂ ಈ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಬಂದಿರಲಿಲ್ಲ. ಬರಗಾಲ ನೋಡಿದ ಸೀಮೆ ನಮ್ಮದು. ಹಗೇವಿನಲ್ಲಿ ಜೋಳ ತುಂಬಿಟ್ಟ ಅಜ್ಜಂದಿರ ಬುದ್ಧಿ ಮೈಗೂ ಇದೆ ಅನ್ನಿ.

ತುಂಗಭದ್ರಾ ಡ್ಯಾಮಿನ 19ನೇ ಗೇಟ್ ನೆನಪಿದೆಯಲ್ಲ? 2024ರ ಆಗಸ್ಟ್ 10ರ ರಾತ್ರಿ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಹಿಂದಿನ ದಿನದವರೆಗೆ ಎಲ್ಲ ಶಾಂತವಾಗಿಯೇ ಇತ್ತು. ನೀರಿನ ಒತ್ತಡ ಆಗಲೂ ಇತ್ತು, ಗೇಟ್ ತಡೆದಿತ್ತು. ಸೂಜಿ ಕೂಡ ಗೇಟ್. ಹಿಂದಿನ ನೀರನ್ನು ಅದು ಖಾಲಿ ಮಾಡುವುದಿಲ್ಲ.

ದೊಡ್ಡ ಅಧ್ಯಯನಗಳೂ ಇದನ್ನೇ ಹೇಳಿವೆ. ಸ್ಟೆಪ್-1 ಎಂಬ ಪ್ರಯೋಗದಲ್ಲಿ ಸೆಮಾಗ್ಲುಟೈಡ್ ತಗೊಂಡವರು 68 ವಾರಗಳಲ್ಲಿ ಸರಾಸರಿ ಶೇ. 15ರಷ್ಟು ತೂಕ ಇಳಿಸಿದ್ದರು. ಅವರಲ್ಲಿ ಕೆಲವರನ್ನು ಔಷಧಿ ನಿಲ್ಲಿಸಿದ ಮೇಲೂ ಒಂದು ವರ್ಷ ಗಮನಿಸಿದರು. ಇಳಿದಿದ್ದರ ಮೂರರಲ್ಲಿ ಎರಡು ಪಾಲು ವಾಪಸ್ ಬಂದಿತ್ತು. ತೂಕದ ಜೊತೆಗೆ ಇಳಿದಿದ್ದ ಬಿಪಿಯೂ ಹಳೆಯ ಜಾಗಕ್ಕೆ ಹೋಗಿತ್ತು. ಟಿರ್ಜೆಪಟೈಡಿನ ಸರ್‌ಮೌಂಟ್-4 ಪ್ರಯೋಗ ಇನ್ನೂ ಸ್ಪಷ್ಟ. 36 ವಾರ ಎಲ್ಲರಿಗೂ ಔಷಧಿ ಕೊಟ್ಟರು. ಸರಾಸರಿ ಶೇ. 20.9ರಷ್ಟು ತೂಕ ಇಳಿಯಿತು. ಆಮೇಲೆ ಅರ್ಧ ಜನರಿಗೆ ಅದೇ ಔಷಧಿ, ಉಳಿದರ್ಧ ಜನರಿಗೆ ಔಷಧಿಯಿಲ್ಲದ ಸುಳ್ಳು ಸೂಜಿ. ಮುಂದಿನ 52 ವಾರಗಳಲ್ಲಿ ಔಷಧಿ ಮುಂದುವರಿಸಿದವರು ಇನ್ನೂ ಶೇ. 5.5 ಇಳಿದರು, ಸುಳ್ಳು ಸೂಜಿಯವರು ಶೇ. 14 ಏರಿದರು.

ಅದೇ ಪ್ರಯೋಗದಲ್ಲಿ ಇನ್ನೊಂದು ಅಂಕಿ ಇದೆ. ಸುಳ್ಳು ಸೂಜಿಯವರಲ್ಲಿ ಶೇ. 16.6ರಷ್ಟು ಜನ, ಅಂದರೆ ಆರು ಜನರಲ್ಲಿ ಒಬ್ಬರು, ಇಳಿಸಿದ ತೂಕದ ಶೇ. 80 ಅಥವಾ ಅದಕ್ಕಿಂತ ಹೆಚ್ಚನ್ನು ಉಳಿಸಿಕೊಂಡಿದ್ದರು. ಔಷಧಿ ಮುಂದುವರಿಸಿದವರಲ್ಲಿ ಹಾಗೆ ಉಳಿಸಿಕೊಂಡವರು ಶೇ. 89.5. ಸೂಜಿ ಬಿಟ್ಟರೆ ಎಲ್ಲ ಮುಗಿಯಿತು ಅನ್ನುವುದೂ ಸುಳ್ಳು, ಮನಸ್ಸಿದ್ದರೆ ಯಾರು ಬೇಕಾದರೂ ಉಳಿಸಿಕೊಳ್ಳಬಹುದು ಅನ್ನುವುದೂ ಸುಳ್ಳು.

ನನ್ನ ಸಿಟ್ಟು ಇರುವುದು ಆ "ಕೋರ್ಸ್" ಎಂಬ ಪದದ ಮೇಲೆ. ಕೋರ್ಸ್ ಎಂದರೆ ಜ್ವರಕ್ಕೆ ಐದು ದಿನದ ಮಾತ್ರೆ. ಮುಗಿಸಿದರೆ ರೋಗ ಹೋಯಿತು. ಬಿಪಿ ಮಾತ್ರೆಗೆ ಯಾರಾದರೂ ಕೋರ್ಸ್ ಅನ್ನುತ್ತಾರಾ? ಮಾತ್ರೆ ಬಿಟ್ಟ ಮೇಲೆ ಬಿಪಿ ಏರಿದರೆ "ನಿನಗೆ ಸಂಯಮ ಇಲ್ಲ" ಎಂದು ಯಾರೂ ಬೈಯುವುದಿಲ್ಲ. ತೂಕ ಏರಿದರೆ ಮಾತ್ರ ಮದುವೆ ಮನೆಯಲ್ಲಿ ನಿಂತು ನಗುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2025ರ ಡಿಸೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಬೊಜ್ಜನ್ನು ಮತ್ತೆ ಮತ್ತೆ ಮರಳುವ ದೀರ್ಘಕಾಲದ ಕಾಯಿಲೆ ಎಂದೇ ಹೇಳಿದೆ. ಈ ಔಷಧಿಗಳನ್ನು ದೀರ್ಘಕಾಲದ ಚಿಕಿತ್ಸೆಯಾಗಿ ಬಳಸಬಹುದು, ಜೊತೆಗೆ ಊಟ, ವ್ಯಾಯಾಮದ ಕಡೆಗೂ ಗಟ್ಟಿ ಗಮನ ಇರಲಿ ಎಂದಿದೆ.

ಆದರೆ ಎಲ್ಲರೂ ಮುಂದುವರಿಸಲು ಆಗುವುದಿಲ್ಲ. ದುಡ್ಡು ಮೊದಲ ಕಾರಣ. ಸೆಮಾಗ್ಲುಟೈಡಿನ ಪೇಟೆಂಟ್ ನಮ್ಮ ದೇಶದಲ್ಲಿ 2026ರ ಮಾರ್ಚ್‌ನಲ್ಲಿ ಮುಗಿದು, ಇಲ್ಲಿನ ಕಂಪನಿಗಳೂ ತಯಾರಿಸತೊಡಗಿದ ಮೇಲೆ ಬೆಲೆ ಇಳಿದಿದೆ. ಆದರೂ ತಿಂಗಳು ತಿಂಗಳು ಕೊಡಬೇಕಲ್ಲ. ಕೆಲವರಿಗೆ ವಾಂತಿ, ಮಲಬದ್ಧತೆ ತಡೆಯಲು ಆಗುವುದಿಲ್ಲ. ಮಗುವಿಗೆ ಪ್ರಯತ್ನಿಸುವ ಹೆಣ್ಣುಮಕ್ಕಳು ಬಿಡಲೇಬೇಕು. ಸೆಮಾಗ್ಲುಟೈಡನ್ನಾದರೆ ಕನಿಷ್ಠ ಎರಡು ತಿಂಗಳು ಮೊದಲೇ ನಿಲ್ಲಿಸಬೇಕು. ಶುಗರ್ ಇರುವವರು ಮಾತ್ರ ತಾವಾಗಿಯೇ ಬಿಡಬಾರದು. ಅವರಿಗೆ ಅದು ತೂಕದ ಔಷಧಿಯಷ್ಟೇ ಅಲ್ಲ, ಬಿಟ್ಟರೆ ಶುಗರ್ ಏರುತ್ತದೆ. ಬದಲಿ ಏನು ಎಂದು ಡಾಕ್ಟರ್ ಹೇಳಿದ ಮೇಲೆಯೇ ನಿಲ್ಲಿಸಬೇಕು.

ಬಿಡುವವರು ಏನು ಮಾಡಬೇಕು? ಕೆಲಸ ಶುರುವಾಗುವುದು ಬಿಟ್ಟ ಮೇಲೆ ಅಲ್ಲ, ಸೂಜಿ ನಡೆಯುತ್ತಿರುವಾಗಲೇ. ಹಸಿವಿನ ಗಲಾಟೆ ಇಲ್ಲದ ಆ ತಿಂಗಳುಗಳಲ್ಲಿ ಹೊಸ ರೂಢಿ ಹಾಕಿಕೊಳ್ಳುವುದು ಸುಲಭ. ಭಾವ ಆ ಎಂಟು ತಿಂಗಳನ್ನು ಸುಮ್ನೆ ಕಳೆದರು. ಕಡಿಮೆ ತಿಂದರು, ಅಷ್ಟೇ. ಅದೂ ಏನು ತಿಂದರು? ಹಸಿವಿಲ್ಲ ಎಂದು ಎರಡು ತುತ್ತು ಅನ್ನ, ಒಂದು ಲೋಟ ಮಜ್ಜಿಗೆ. ಹಾಗಾದಾಗ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಈ ಔಷಧಿಗಳಿಂದ ಇಳಿಯುವ ತೂಕದಲ್ಲಿ ಕಾಲು ಭಾಗದಿಂದ ಶೇ. 40ರವರೆಗೆ ಕೊಬ್ಬಲ್ಲದ ಮಾಂಸಖಂಡ ಇತ್ಯಾದಿ ಎಂದು ಅಧ್ಯಯನಗಳಲ್ಲಿ ಕಂಡಿದೆ. ವಾಪಸ್ ಬರುವಾಗ ಬರುವುದರ ಹೆಚ್ಚಿನ ಪಾಲು ಕೊಬ್ಬೇ. ಕೊಟ್ಟಿದ್ದು ಒಳ್ಳೆ ಮಾಲು, ಹೊಳ್ಳಿ ಬಂದಿದ್ದು ಹೊಟ್ಟು ಎಂದು ಗಂಜಿನವರಿಗೆ ಬಿಡಿಸಿ ಹೇಳಬೇಕಿಲ್ಲ.

ಸ್ನಾಯು ಉಳಿಯಲು ಎರಡು ಬೇಕು. ಭಾರ ಎತ್ತುವ ಕೆಲಸ, ಹೊಟ್ಟೆಗೆ ಪ್ರೋಟೀನ್.

ಭಾರದ ವಿಷಯದಲ್ಲಿ ಭಾವನ ಅಂಗಡಿಯೇ ಒಂದು ತಮಾಷೆ. ಹಮಾಲರು ದಿನವಿಡೀ 50 ಕೆಜಿ ಚೀಲ ಎತ್ತುತ್ತಾರೆ. ಇವರು ಗಾದಿಯ ಮೇಲೆ ಕೂತು ಲೆಕ್ಕ ಬರೆಯುತ್ತಾರೆ. ಚೀಲ ಎತ್ತಿ ಎಂದು ನಾನು ಹೇಳುತ್ತಿಲ್ಲ, ಬೆನ್ನು ಹಿಡಿದೀತು. ಕೈ ಕಟ್ಟಿಕೊಂಡು ಕುರ್ಚಿಯಿಂದ ಹದಿನೈದು ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು ದಂಡ ಹೊಡೆಯುವುದು, ಅರ್ಧ ತುಂಬಿದ ಎರಡು ಕೊಡ ಹಿಡಿದು ಅಂಗಳದಲ್ಲಿ ಓಡಾಡುವುದು. ವಾರಕ್ಕೆ ಎರಡು ಮೂರು ದಿನ ಇಷ್ಟು ಮಾಡಿದರೂ ಶುರುವಿಗೆ ಸಾಕು. ಡೆನ್ಮಾರ್ಕಿನಲ್ಲಿ ಒಂದು ಪ್ರಯೋಗ ಮಾಡಿದ್ದಾರೆ. ಎಂಟು ವಾರದ ಪಥ್ಯದಲ್ಲಿ ಸರಾಸರಿ 13 ಕೆಜಿ ಇಳಿಸಿದವರಲ್ಲಿ ಕೆಲವರಿಗೆ ಒಂದು ವರ್ಷ ಲಿರಾಗ್ಲುಟೈಡ್ ಎಂಬ ಇದೇ ಜಾತಿಯ ಹಳೆಯ ಸೂಜಿ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡೂ. ಎಲ್ಲ ನಿಲ್ಲಿಸಿ ಇನ್ನೊಂದು ವರ್ಷ ಬಿಟ್ಟು ನೋಡಿದಾಗ, ಬರೀ ಸೂಜಿಯವರಿಗಿಂತ ವ್ಯಾಯಾಮ ಸೇರಿಸಿಕೊಂಡವರೇ ಇಳಿದ ತೂಕವನ್ನು ಚೆನ್ನಾಗಿ ಉಳಿಸಿಕೊಂಡಿದ್ದರು.

ನಡೆಯುವುದಕ್ಕೆ ನಮ್ಮಲ್ಲಿ ಹೊತ್ತು ನೋಡಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರ ಮೇಲೆ ಹೊರಗೆ ಹೆಜ್ಜೆ ಇಡಲು ಆಗುವುದಿಲ್ಲ. ಐದೂವರೆಗೇ ಎದ್ದು ಹೋಗುವವರು ಹೋಗುತ್ತಾರೆ, ಉಳಿದವರು ರಾತ್ರಿ ಊಟವಾದ ಮೇಲೆ ಓಣಿಯಲ್ಲಿ ಸುತ್ತಬಹುದು. ಎಷ್ಟು ನಡೆಯಬೇಕು? ಬಹಳ ತೂಕ ಇಳಿಸಿ, ಒಂದು ವರ್ಷಕ್ಕೂ ಹೆಚ್ಚು ಉಳಿಸಿಕೊಂಡ ಸಾವಿರಾರು ಜನರ ಹೆಸರು ಬರೆದಿಟ್ಟ ದಾಖಲೆಯೊಂದು ಅಮೆರಿಕದಲ್ಲಿ 1994ರಿಂದ ಇದೆ. ಅವರಲ್ಲಿ ಹತ್ತಕ್ಕೆ ಒಂಬತ್ತು ಜನ ದಿನಕ್ಕೆ ಸರಾಸರಿ ಒಂದು ತಾಸು ಮೈ ದಣಿಸುತ್ತಾರೆ. ನಾಲ್ವರಲ್ಲಿ ಮೂವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ.

ಇನ್ನು ಊಟ. ಜೋಳದ ರೊಟ್ಟಿ ತಿಂದರೆ ತೂಕ ಇಳಿಯುತ್ತದೆ ಎಂದು ಬೆಂಗಳೂರಿನವರು ನಮಗೆ ಹೇಳಿಕೊಡುವ ಕಾಲ ಬಂದಿದೆ. ಪೂರ್ತಿ ನಿಜವಲ್ಲ. 100 ಗ್ರಾಂ ಜೋಳದಲ್ಲಿ ಸುಮಾರು 334 ಕ್ಯಾಲೊರಿ, ಅಷ್ಟೇ ಅಕ್ಕಿಯಲ್ಲಿ 356. ಹೇಳಿಕೊಳ್ಳುವಂಥ ವ್ಯತ್ಯಾಸ ಏನಲ್ಲ. ವ್ಯತ್ಯಾಸ ಇರುವುದು ನಾರಿನಲ್ಲಿ. ಜೋಳದಲ್ಲಿ 10 ಗ್ರಾಂ, ಪಾಲಿಶ್ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಹೀಗಾಗಿ ಎರಡು ರೊಟ್ಟಿ ತಿಂದವರಿಗೆ ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತೆ ಇರುತ್ತದೆ. ಆದರೆ ಆ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಹಿಂಡಿಯ ಮೇಲೆ ಎಣ್ಣೆ ಬೀಳುತ್ತದಲ್ಲ, ಅಲ್ಲಿ ಲೆಕ್ಕ ತಪ್ಪುತ್ತದೆ. ಒಂದು ದೊಡ್ಡ ಚಮಚ ಎಣ್ಣೆಯೇ 120 ಕ್ಯಾಲೊರಿ, ಮುಕ್ಕಾಲು ರೊಟ್ಟಿಯ ಸಮ. ಅಕ್ಕ ಈಗ ಎಣ್ಣೆಯ ಜಾಗಕ್ಕೆ ಗಟ್ಟಿ ಮೊಸರು ಹಾಕುತ್ತಾಳೆ. ಹಿಂಡಿಯ ರುಚಿ ಹೋಗಿಲ್ಲ ಎಂದು ನಾನೂ ಒಪ್ಪುತ್ತೇನೆ. ಭಾವ ಒಪ್ಪಿಲ್ಲ.

ತೂಕ ಇಳಿಸುತ್ತಿರುವವರಿಗೆ ಪ್ರೋಟೀನ್ ದಿನಕ್ಕೆ ಕೆಜಿಗೆ ಒಂದು ಗ್ರಾಂಗಿಂತ ತುಸು ಹೆಚ್ಚೇ ಬೇಕು. ಕಿಡ್ನಿ ತೊಂದರೆ ಇರುವವರು ಕೇಳದೆ ಹೆಚ್ಚಿಸಬಾರದು. ನಮ್ಮ ಅಡುಗೆಮನೆಯಲ್ಲಿ ಇದಕ್ಕೆ ಕೊರತೆ ಇಲ್ಲ. ಮೊಳಕೆ ಬರಿಸಿದ ಮಡಿಕೆಕಾಳಿನ ಪಲ್ಯ, ಹೆಸರುಕಾಳು, ಬೇಳೆ ಹಾಕಿದ ಪುಂಡಿಪಲ್ಯ, ಮೊಸರು, ತಿನ್ನುವವರಿಗೆ ಮೊಟ್ಟೆ, ಕೋಳಿ. ಕೊರತೆ ಇರುವುದು ಬಡಿಸುವ ಅಳತೆಯಲ್ಲಿ. ಪಲ್ಯ ಒಂದು ಚಮಚ, ಅನ್ನ ಗುಡ್ಡೆ. ಸೋನಾಮಸೂರಿ ಬೆಳೆಯುವ ಸಿಂಧನೂರು, ಗಂಗಾವತಿ ಕಡೆ ಅನ್ನ ಕಡಿಮೆ ಬಡಿಸಿದರೆ ಬೀಗರು ಬೇಜಾರು ಮಾಡಿಕೊಂಡಾರು. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಅನ್ನಕ್ಕೆ ಬಂದರೆ ಅನ್ನ ತಾನಾಗಿಯೇ ಕಡಿಮೆಯಾಗುತ್ತದೆ. ಬೀಗರಿಗೂ ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಮಾಡಿದರೂ ತೂಕ ಸ್ವಲ್ಪ ಏರಬಹುದು. ಎಷ್ಟು ಏರಿದರೆ ಡಾಕ್ಟರ ಹತ್ತಿರ ಹೋಗಬೇಕು ಎಂಬ ಗೆರೆಯನ್ನು ಬಿಡುವ ದಿನವೇ ಎಳೆದುಕೊಳ್ಳುವುದು ಒಳ್ಳೆಯದು. ಮೂರು ಕೆಜಿ ಅನ್ನಿ. ಮೂರು ಏರಿದಾಗ ಸರಿಪಡಿಸುವುದಕ್ಕೂ ಹನ್ನೆರಡು ಏರಿದ ಮೇಲೆ ನಾಚಿಕೊಂಡು ಹೋಗುವುದಕ್ಕೂ ಬಹಳ ಅಂತರ. ಕೆಲವು ವೈದ್ಯರು ಪೂರ್ತಿ ಬಿಡಿಸುವ ಬದಲು ಕಡಿಮೆ ಡೋಸಿನಲ್ಲಿ ಮುಂದುವರಿಸುತ್ತಾರೆ. ಒಂದು ಮಾತು ಮಾತ್ರ ನೆನಪಿರಲಿ. ತಿಂಗಳುಗಟ್ಟಲೆ ಬಿಟ್ಟವರು ಫ್ರಿಜ್ಜಿನಲ್ಲಿ ಉಳಿದ ಹಳೆಯ ದೊಡ್ಡ ಡೋಸನ್ನು ತಾವೇ ಚುಚ್ಚಿಕೊಳ್ಳಬಾರದು. ಮೈ ಆ ಡೋಸಿನ ರೂಢಿ ಮರೆತಿರುತ್ತದೆ, ವಾಂತಿ ಹಿಡಿದರೆ ಬಿಡುವುದಿಲ್ಲ. ಮತ್ತೆ ಸಣ್ಣ ಡೋಸಿನಿಂದಲೇ, ಡಾಕ್ಟರ್ ಹೇಳಿದಂತೆಯೇ ಶುರುಮಾಡಬೇಕು.

ಭಾವ ಮತ್ತೆ ಸೂಜಿಗೆ ಹೋಗಿಲ್ಲ. ಹೋಗಲೂಬಹುದು, ಬೇರೆ ಡಾಕ್ಟರ ಹತ್ತಿರ ಮಾತಾಡಿ ಬಂದಿದ್ದಾರೆ. ಸದ್ಯಕ್ಕೆ ರಾತ್ರಿ ಓಣಿ ಸುತ್ತುತ್ತಾರೆ, ಒಗ್ಗರಣಿ ಮಿರ್ಚಿ ವಾರಕ್ಕೆರಡು ದಿನಕ್ಕೆ ಇಳಿದಿದೆ. ಸೋಮವಾರ ಬೆಳಿಗ್ಗೆ ಮಾಲಿನ ಸವಾಲು (ಹರಾಜು) ಶುರುವಾಗುವ ಮೊದಲು, ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಚಪ್ಪಲಿ ಬಿಟ್ಟು ನಿಲ್ಲುತ್ತಾರೆ. ಹಿರಿಯ ಹಮಾಲ ಅಂಕಿ ಓದಿ ಹೇಳುತ್ತಾನೆ, ಭಾವ ಅಡತಿ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆಯುತ್ತಾರೆ. ಹೋದ ಸೋಮವಾರ ನಾನೂ ಅಲ್ಲಿದ್ದೆ. 91 ಕೆಜಿ 400 ಗ್ರಾಂ ಬಂತು. ಭಾವ ಇಳಿದರು, ಕಿಸೆಯಿಂದ ಅಂಗಡಿಯ ಕೀಲಿಗೊಂಚಲು ತೆಗೆದು ನನ್ನ ಕೈಗೆ ಕೊಟ್ಟು ಮತ್ತೆ ಹತ್ತಿದರು.

"ತೊಂಬತ್ತೊಂದು ಇನ್ನೂರು ಬರ‍್ಕೊಳ್ರಿ ಸಾವ್ಕಾರ‍್ರ" ಎಂದ ಹಮಾಲ.